ಸೌದೆ ಯಾಕೆ ಅಳುತ್ತೆ? — ನಮ್ಮ ಬ್ಯಾರನ್ನಿನಲ್ಲಿ ಶಾಖದ ಲೆಕ್ಕ



ಈ ಸಲದ ಗೋಡೆ ಪತ್ರಿಕೆಗೆ ‘ಮನೆಯಲ್ಲಿ ಕಂಡ ವಿಜ್ಞಾನ’ ಎಂಬ ವಿಷಯದ ಮೇಲೆ ಬರೆದುಕೊಡು ಎಂದು ನಮ್ಮ ವಿಜ್ಞಾನದ ಮೇಷ್ಟ್ರು ಹೇಳಿದರು. ನಮ್ಮ ಮನೆಯಲ್ಲಿ ವಿಜ್ಞಾನ ಏನಿದೆ ಸಾರ್, ಹೊಗೆಸೊಪ್ಪಿನ ಬ್ಯಾರನ್ ಒಂದಿದೆ ಅಷ್ಟೆ ಅಂದೆ. ಅದರಲ್ಲೇ ಒಂದು ಪುಸ್ತಕದಷ್ಟು ಪಾಠ ಇದೆ, ಹುಡುಕು ಅಂದರು. ಹುಡುಕಿದೆ. ಸಿಕ್ಕಿದ್ದನ್ನು ಇಲ್ಲಿ ಬರೆದಿದ್ದೇನೆ. ಉಷ್ಣಬಲ ವಿಜ್ಞಾನ ಅಂದ ಕೂಡಲೇ ಯಾರೂ ಮುಂದಿನ ಹಾಳೆಗೆ ಹೋಗಬೇಡಿ. ಇದು ನಮ್ಮ ನಿಮ್ಮ ಮನೆಯ ಸೌದೆಯ ಮಾತು.

ಶುರುವಾದದ್ದು ಹೀಗೆ

ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆ ಕಡೆ ಬ್ಯಾರನ್ ಅಂದರೆ ಏನೆಂದು ಯಾರಿಗೂ ಹೇಳಬೇಕಾಗಿಲ್ಲ. ಆದರೂ ಬೇರೆ ಊರಿನಿಂದ ಬಂದಿರುವ ಗುರುಗಳಿಗೋಸ್ಕರ ಹೇಳುತ್ತೇನೆ. ಅದು ಎತ್ತರದ ಗೋಡೆಯ ಒಂದು ಕೋಣೆ. ಹೊರಗಡೆ ಒಲೆಬಾಯಿ. ಒಲೆಯಿಂದ ದಪ್ಪನೆಯ ತಗಡಿನ ಪೈಪು ಒಳಗೆ ಹೋಗಿ, ನೆಲದ ಮೇಲೆ ಸುತ್ತು ಹೊಡೆದು, ಕೊನೆಗೆ ಚಿಮಣಿಯಾಗಿ ಹೊರಗೆ ಬರುತ್ತದೆ. ಬೆಂಕಿ, ಹೊಗೆ ಎಲ್ಲಾ ಪೈಪಿನ ಒಳಗೇ ಇರುತ್ತವೆ. ಸೊಪ್ಪಿಗೆ ಹೊಗೆ ತಾಗುವುದಿಲ್ಲ, ಬಿಸಿ ಮಾತ್ರ ತಾಗುತ್ತದೆ. ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟಿ, ಅಂತಸ್ತು ಅಂತಸ್ತಾಗಿ ತೂಗುಹಾಕಿ, ಐದಾರು ದಿನ ಹಗಲೂ ರಾತ್ರಿ ಬೆಂಕಿ ಹಾಕಬೇಕು.

ಹೋದ ವರ್ಷ ಕೊನೆಯ ಸೊಪ್ಪು ಬೇಯಿಸುವ ಹೊತ್ತಿಗೆ ನಮ್ಮ ಸೌದೆ ಮುಗಿದುಹೋಯಿತು. ಇನ್ನೊಂದು ಟ್ರ್ಯಾಕ್ಟರ್ ಸೌದೆ ತರಿಸಲು ಕೈಯಲ್ಲಿ ದುಡ್ಡಿಲ್ಲ. ಅಪ್ಪ ಹಿತ್ತಲ ಕಡೆ ನೋಡಿ, “ಆ ಹಲಸಿನ ಮರ ಕಡಿಸಿಬಿಡೋಣ, ಒಂದು ಬ್ಯಾರನ್ ಆಯ್ತದೆ” ಅಂದರು. ಆ ಮರ ನಮ್ಮಜ್ಜಿ ಮದುವೆಯಾಗಿ ಬಂದ ವರ್ಷ ನೆಟ್ಟದ್ದು. ಅಜ್ಜಿ ಏನೂ ಮಾತಾಡಲಿಲ್ಲ, ಎದ್ದು ಒಳಗೆ ಹೋದರು.

ತಾತ ಮಾತ್ರ, “ಹಸಿ ಮರ ಕಡಿದು ಒಲೆಗೆ ಹಾಕಿದ್ರೆ ಸೌದೆ ಅಳ್ತದೆ ಕಣಪ್ಪ, ಉರಿಯಲ್ಲ” ಅಂದರು.

ಸೌದೆ ಯಾಕೆ ಅಳುತ್ತೆ ತಾತ ಎಂದು ನಾನು ಕೇಳಿದೆ. “ಬಾ ತೋರಿಸ್ತೀನಿ” ಎಂದು ಒಲೆಬಾಯಿಯ ಹತ್ತಿರ ಕರೆದುಕೊಂಡು ಹೋಗಿ ಒಂದು ಹಸಿ ಕೊಂಬೆ ಒಳಗಿಟ್ಟರು. ಸ್ವಲ್ಪ ಹೊತ್ತಿಗೆ ಕೊಂಬೆಯ ಈಚೆ ತುದಿಯಿಂದ ಸೊಂಯ್ ಎಂದು ಸದ್ದು ಮಾಡುತ್ತಾ ನೊರೆ ನೊರೆಯಾಗಿ ನೀರು ಬಂತು. “ನೋಡವ್ವ, ಬೆಂಕಿ ನಮ್ಮ ಸೊಪ್ಪಿನ ಕೆಲಸ ಬಿಟ್ಟು ಮೊದ್ಲು ಇದರ ಕಣ್ಣೀರು ಒರೆಸ್ತಾ ಕೂತದೆ” ಅಂದರು.

ತಾತ ಸ್ಕೂಲಿಗೆ ಹೋದವರಲ್ಲ. ಆದರೆ ಆ ಒಂದು ಮಾತಿನಲ್ಲಿ ಇಡೀ ಪಾಠವಿತ್ತು. ಅದನ್ನು ಈಗ ಒಂದೊಂದಾಗಿ ಬಿಡಿಸುತ್ತೇನೆ.

ಶಾಖ ಬೇರೆ, ತಾಪ ಬೇರೆ

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಒಂದು ಲೋಟ ಕುದಿಯುವ ನೀರಿನ ತಾಪ 100 ಡಿಗ್ರಿ ಸೆಲ್ಸಿಯಸ್. ಸ್ನಾನದ ಹಂಡೆಯ ಬಿಸಿನೀರು 45 ಡಿಗ್ರಿ ಇರಬಹುದು. ಯಾವುದರ ತಾಪ ಜಾಸ್ತಿ? ಲೋಟದ್ದು. ಯಾವುದನ್ನು ಕಾಯಿಸಲು ಜಾಸ್ತಿ ಸೌದೆ ಬೇಕು? ಹಂಡೆಯದ್ದು. ಎಷ್ಟು ಬಿಸಿ ಅನ್ನುವುದು ತಾಪ. ಒಟ್ಟು ಎಷ್ಟು ಶಕ್ತಿ ಸಾಗಿ ಬಂತು ಅನ್ನುವುದು ಶಾಖ. ಒಂದು ಕಿಲೋ ನೀರಿನ ತಾಪವನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಬೇಕಾಗುವ ಶಾಖಕ್ಕೆ ಒಂದು ಕಿಲೋಕ್ಯಾಲರಿ ಎನ್ನುತ್ತಾರೆ. ಪುಸ್ತಕದ ಲೆಕ್ಕದಲ್ಲಿ ಅದು ಸುಮಾರು 4,180 ಜೂಲ್.

ಬ್ಯಾರನ್ನಿನ ಥರ್ಮಾಮೀಟರಿನಲ್ಲಿ ಇರುವುದು ಫ್ಯಾರನ್‌ಹೀಟ್. ಅದನ್ನು ಸೆಲ್ಸಿಯಸ್ ಮಾಡಲು 32 ಕಳೆದು, 5ರಿಂದ ಗುಣಿಸಿ, 9ರಿಂದ ಭಾಗಿಸಬೇಕು. ಅಪ್ಪ “ತೊಂಬತ್ತೈದು ಬಂತಾ?” ಎಂದು ಕೇಳಿದರೆ ಅದು 35 ಡಿಗ್ರಿ ಸೆಲ್ಸಿಯಸ್. ಕೊನೇ ದಿನ “ನೂರ ಅರವತ್ತು ದಾಟಿಸ್ಬೇಡ” ಅಂದರೆ ಅದು ಸುಮಾರು 71 ಡಿಗ್ರಿ ಸೆಲ್ಸಿಯಸ್.

ಥರ್ಮಾಮೀಟರು ಸೊಪ್ಪಿನ ಪಕ್ಕದಲ್ಲಿ ತೂಗಾಡುತ್ತಾ ಗಾಳಿಯ ತಾಪವನ್ನು ಹೇಗೆ ಹೇಳುತ್ತದೆ? ಎರಡು ವಸ್ತುಗಳು ಸಾಕಷ್ಟು ಹೊತ್ತು ಜೊತೆಗಿದ್ದರೆ ಕೊನೆಗೆ ಎರಡರ ತಾಪವೂ ಒಂದೇ ಆಗುತ್ತದೆ. ಗಾಳಿಗೂ ಪಾದರಸಕ್ಕೂ ಹೀಗೆ ಸಮವಾದಾಗ ನಾವು ಗೆರೆ ಓದುತ್ತೇವೆ. ಇದು ಎಷ್ಟು ಸಹಜ ಅಂದರೆ, ಬೇರೆ ನಿಯಮಗಳೆಲ್ಲ ಬಂದ ಮೇಲೆ ಇದನ್ನೂ ಒಂದು ನಿಯಮ ಎಂದು ಸೇರಿಸಬೇಕಾಯಿತಂತೆ. ಒಂದು, ಎರಡು ಆಗಲೇ ಇದ್ದುದರಿಂದ ಇದಕ್ಕೆ ‘ಸೊನ್ನೆಯ ನಿಯಮ’ ಎಂದು ಹೆಸರು ಬಂತು.

ಶಾಖ ಸಾಗುವ ಮೂರು ದಾರಿ

ಏಳನೇ ತರಗತಿಯಲ್ಲಿ ವಹನ, ಸಂವಹನ, ವಿಕಿರಣ ಎಂದು ಬಾಯಿಪಾಠ ಮಾಡಿದ್ದೆವು. ಬ್ಯಾರನ್ನಿನಲ್ಲಿ ಮೂರೂ ಒಟ್ಟಿಗೆ ಇವೆ.

1. ವಹನ: ಪೈಪಿನ ಒಳಗಿನ ಬೆಂಕಿಯ ಬಿಸಿ ತಗಡನ್ನು ದಾಟಿ ಹೊರಮೈಗೆ ಬರುತ್ತದೆ. ತಗಡು ಕದಲುವುದಿಲ್ಲ, ಬಿಸಿ ಮಾತ್ರ ಕೈಯಿಂದ ಕೈಗೆ ಬುಟ್ಟಿ ದಾಟಿಸಿದ ಹಾಗೆ ಕಣದಿಂದ ಕಣಕ್ಕೆ ದಾಟುತ್ತದೆ.

2. ಸಂವಹನ: ಬಿಸಿ ಪೈಪಿಗೆ ತಾಗಿದ ಗಾಳಿ ಹಿಗ್ಗಿ ಹಗುರಾಗಿ ಮೇಲೇಳುತ್ತದೆ. ಅದರ ಜಾಗಕ್ಕೆ ಕೆಳಗಿನ ಕಿಂಡಿಯಿಂದ ತಣ್ಣನೆ ಗಾಳಿ ನುಗ್ಗುತ್ತದೆ. ಈ ಓಡಾಟವೇ ಸೊಪ್ಪಿನ ನೀರನ್ನು ಹೊತ್ತುಕೊಂಡು ಮೇಲಿನ ಕಿಂಡಿಯಿಂದ ಹೊರಗೆ ಹೋಗುವುದು.

3. ವಿಕಿರಣ: ಒಲೆಬಾಯಿಯ ಮುಂದೆ ಕೂತರೆ ಮುಖ ಸುಡುತ್ತದೆ, ಬೆನ್ನು ನಡುಗುತ್ತದೆ. ಆ ಬಿಸಿ ಗಾಳಿಯಿಂದ ಬಂದದ್ದಾಗಿದ್ದರೆ ಬೆನ್ನಿಗೂ ಸ್ವಲ್ಪ ಸಿಗಬೇಕಿತ್ತು. ಅದು ಬೆಳಕಿನ ಹಾಗೆ ನೇರವಾಗಿ ಬರುತ್ತದೆ. ಸೂರ್ಯನ ಶಾಖ ನಮಗೆ ಬರುವುದೂ ಹೀಗೇ.

ಒಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಬೇಕು. ಕೊನೇ ದಿನಗಳಲ್ಲಿ ಒಣಗಿದ ಎಲೆ ಕಳಚಿ ಕಾದ ಪೈಪಿನ ಮೇಲೆ ಬಿದ್ದರೆ ಕ್ಷಣದಲ್ಲಿ ಹೊತ್ತಿಕೊಳ್ಳುತ್ತದೆ. ಬ್ಯಾರನ್ನುಗಳು ಸುಟ್ಟುಹೋಗುವುದಕ್ಕೆ ಇದು ಒಂದು ಮುಖ್ಯ ಕಾರಣ. ಪೈಪಿನ ಮೇಲೆ ತಂತಿಬಲೆ ಹಾಕಿರಬೇಕು, ಕಡ್ಡಿ ಬಿಗಿಯಾಗಿ ಕಟ್ಟಿರಬೇಕು. ಮನೆಯಲ್ಲಿ ಬಲೆ ಹರಿದಿದ್ದರೆ ಇವತ್ತೇ ಹೇಳಿ.

ಮೊದಲನೇ ನಿಯಮ: ಶಕ್ತಿಯ ಜಮಾ ಖರ್ಚು

ಶಕ್ತಿಯನ್ನು ಯಾರೂ ಹುಟ್ಟಿಸಲಾರರು, ಯಾರೂ ನಾಶ ಮಾಡಲಾರರು. ಅದು ಒಂದು ರೂಪದಿಂದ ಇನ್ನೊಂದು ರೂಪಕ್ಕೆ ಹೋಗುತ್ತದೆ, ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಸಾಗುತ್ತದೆ. ಇದೇ ಮೊದಲನೇ ನಿಯಮ.

ಇದನ್ನು ಜನ ಸುಲಭವಾಗಿ ಒಪ್ಪಲಿಲ್ಲ. ಶಾಖ ಎನ್ನುವುದು ಕಣ್ಣಿಗೆ ಕಾಣದ ಒಂದು ದ್ರವ ಎಂದು ಬಹಳ ಕಾಲ ನಂಬಿದ್ದರು. 1798ರಲ್ಲಿ ಕೌಂಟ್ ರಂಫರ್ಡ್ ಎಂಬಾತ ಜರ್ಮನಿಯ ಮ್ಯೂನಿಕ್‌ನಲ್ಲಿ ಫಿರಂಗಿಗೆ ತೂತು ಕೊರೆಯುವಾಗ ಆಗುವ ಬಿಸಿಯ ಬಗ್ಗೆ ಬರೆದ. ಸುತ್ತ ನೀರು ತುಂಬಿಸಿ ಕೊರೆಸಿದಾಗ, ಬೆಂಕಿಯೇ ಇಲ್ಲದೆ ನೀರು ಕುದಿಯಿತು. ಕೊರೆಯುತ್ತಾ ಹೋದಷ್ಟೂ ಬಿಸಿ ಬರುತ್ತಲೇ ಇತ್ತು. ದ್ರವವಾಗಿದ್ದರೆ ಎಂದಾದರೂ ಮುಗಿಯಬೇಕಿತ್ತಲ್ಲ? ಆಮೇಲೆ ಇಂಗ್ಲೆಂಡಿನ ಜೇಮ್ಸ್ ಜೂಲ್ (1818–1889) 1840ರ ದಶಕದಲ್ಲಿ, ಕೆಳಗಿಳಿಯುವ ತೂಕದಿಂದ ನೀರೊಳಗಿನ ರೆಕ್ಕೆಗಳನ್ನು ತಿರುಗಿಸಿ, ನೀರು ಎಷ್ಟು ಬಿಸಿಯಾಯಿತು ಎಂದು ಅಳೆದ. ಎಷ್ಟು ಕೆಲಸಕ್ಕೆ ಎಷ್ಟು ಶಾಖ ಎಂಬ ಲೆಕ್ಕ ಸಿಕ್ಕಿತು. ಅದಕ್ಕೇ ಶಕ್ತಿಯ ಅಳತೆಗೆ ಆತನ ಹೆಸರು. ಸೈಕಲ್ಲಿಗೆ ಗಾಳಿ ಹೊಡೆದ ಮೇಲೆ ಪಂಪಿನ ಬುಡ ಮುಟ್ಟಿ ನೋಡಿ, ಜೂಲ್ ಹೇಳಿದ್ದು ಬೆರಳಿಗೇ ಗೊತ್ತಾಗುತ್ತದೆ.

ನಮ್ಮ ನಾಡಿನದೇ ಒಂದು ಉದಾಹರಣೆ ಹೇಳುತ್ತೇನೆ. ನಮ್ಮ ತಾಲ್ಲೂಕಿನ ಅಂಚಿನಲ್ಲಿ ಹರಿಯುವ ಕಾವೇರಿ ಕೆಳಗೆ ಹೋಗಿ ಶಿವನಸಮುದ್ರದಲ್ಲಿ ಧುಮುಕುತ್ತಾಳೆ. ಅಲ್ಲಿ 1902ರಲ್ಲಿ ವಿದ್ಯುತ್ ತಯಾರಿಸಿ ಕೋಲಾರದ ಚಿನ್ನದ ಗಣಿಗೆ ಕಳಿಸಿದರು. ಸಮುದ್ರದ ನೀರನ್ನು ಮೋಡವಾಗಿ ಎತ್ತಿದ್ದು ಸೂರ್ಯನ ಶಾಖ. ಕೊಡಗಿನ ಬೆಟ್ಟದ ಮೇಲೆ ಮಳೆಯಾದಾಗ ಆ ಶಕ್ತಿಯ ಒಂದು ಪಾಲು ಎತ್ತರದಲ್ಲಿ ನಿಂತ ನೀರಿನಲ್ಲಿತ್ತು. ನೀರು ಬಿದ್ದಾಗ ಚಲನೆಯಾಯಿತು, ಚಲನೆ ವಿದ್ಯುತ್ ಆಯಿತು, ಗಣಿಯಲ್ಲಿ ಮತ್ತೆ ಚಲನೆ, ಬೆಳಕು, ಬಿಸಿಯಾಯಿತು. ಹೆಸರು ಬದಲಾಯಿತು, ಒಟ್ಟು ಮೊತ್ತ ಬದಲಾಗಲಿಲ್ಲ.

ಸೌದೆಯೂ ಅಷ್ಟೆ. ಎಲೆಗಳು ಬಿಸಿಲನ್ನು ಕೂಡಿಟ್ಟ ಗಂಟು ಅದು. ಅಜ್ಜಿ ನೆಟ್ಟ ಹಲಸಿನ ಮರ ಅಂದರೆ ಅಷ್ಟೂ ವರ್ಷಗಳ ಬಿಸಿಲಿನ ಉಳಿತಾಯ. ಅದನ್ನು ಐದಾರು ದಿನದಲ್ಲಿ ಖರ್ಚು ಮಾಡುವ ಮೊದಲು ಲೆಕ್ಕ ನೋಡಬೇಕಲ್ಲವೇ?

ನಮ್ಮ ಬ್ಯಾರನ್ನಿನ ಲೆಕ್ಕ

ಖರ್ಚಿನ ಕಡೆ ಮೊದಲು ನೋಡೋಣ. ಅಂಗಡಿಯಿಂದ ತಕ್ಕಡಿ ತಂದು ಒಂದು ಕಡ್ಡಿ ಸೊಪ್ಪು ತೂಗಿದೆ. ಹಸಿಯಲ್ಲಿ 4 ಕಿಲೋ 200 ಗ್ರಾಂ. ಬೆಂದು ಒಣಗಿದ ಮೇಲೆ ಅದೇ ಕಡ್ಡಿಯ ಸೊಪ್ಪು 600 ಗ್ರಾಂ. ಕಡಿಮೆಯಾದ 3 ಕಿಲೋ 600 ಗ್ರಾಂ ಬಹುಪಾಲು ನೀರು. ನಮ್ಮದು 500 ಕಡ್ಡಿಯ ಬ್ಯಾರನ್. ಅಂದರೆ ಒಂದು ಸಲಕ್ಕೆ 300 ಕಿಲೋ ಒಣ ಸೊಪ್ಪು ಸಿಗುತ್ತದೆ, ಸುಮಾರು 1,800 ಕಿಲೋ ನೀರು ಹೊರಗೆ ಹೋಗುತ್ತದೆ. ಹದಿನೈದು ಲೀಟರಿನ ಕೊಡದಲ್ಲಿ ತುಂಬಿದರೆ 120 ಕೊಡ! ಇಷ್ಟು ನೀರು ಒಂದು ತೊಟ್ಟೂ ಕಾಣದ ಹಾಗೆ ಮೇಲಿನ ಕಿಂಡಿಯಿಂದ ಹೋಗಿಬಿಡುತ್ತದೆ.

ನೀರು ಆವಿಯಾಗಲು ಬಹಳ ಶಾಖ ತಿನ್ನುತ್ತದೆ. ಒಂದು ಕಿಲೋ ನೀರನ್ನು 25 ಡಿಗ್ರಿಯಿಂದ 100 ಡಿಗ್ರಿಗೆ ಕಾಯಿಸಲು 75 ಕಿಲೋಕ್ಯಾಲರಿ ಸಾಕು. ಆದರೆ ಕುದಿಯುವ ಅದೇ ನೀರನ್ನು ಪೂರ್ತಿ ಆವಿ ಮಾಡಲು ಮತ್ತೆ 540 ಕಿಲೋಕ್ಯಾಲರಿ ಬೇಕು. ಈ 540ಕ್ಕೆ ತಾಪ ಒಂದು ಡಿಗ್ರಿಯೂ ಏರುವುದಿಲ್ಲ. ಬಚ್ಚಿಟ್ಟುಕೊಂಡ ಶಾಖವಾದ್ದರಿಂದ ಇದಕ್ಕೆ ಗುಪ್ತೋಷ್ಣ ಎಂದು ಹೆಸರು. ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ 1760ರ ದಶಕದಲ್ಲಿ ಇದನ್ನು ತೋರಿಸಿಕೊಟ್ಟರು. ನೀರು ಕುದಿಯದೆಯೂ ಆವಿಯಾಗುತ್ತದೆ, ಒಗೆದ ಬಟ್ಟೆ ಒಣಗುವ ಹಾಗೆ. ಆಗಲೂ ಹೆಚ್ಚು ಕಡಿಮೆ ಇಷ್ಟೇ ಶಾಖ ಬೇಕು. ಮಣ್ಣಿನ ಮಡಕೆಯ ನೀರು ತಣ್ಣಗಿರುವುದೂ ಇದರಿಂದಲೇ. ಮಡಕೆಯ ಮೈಯಿಂದ ಆರುವ ನೀರು ಒಳಗಿನ ನೀರಿನಿಂದ ಶಾಖ ಕಿತ್ತುಕೊಂಡು ಹೋಗುತ್ತದೆ.

ಆದ್ದರಿಂದ ಬ್ಯಾರನ್ನಿನಲ್ಲಿ ಒಂದು ಕಿಲೋ ನೀರಿಗೆ, ಕಾಯಿಸುವುದೂ ಸೇರಿ, ಸುಮಾರು 600 ಕಿಲೋಕ್ಯಾಲರಿ ಎಂದು ಹಿಡಿದೆ. ಒಂದು ಕಿಲೋ ಒಣ ಸೊಪ್ಪಿಗೆ ಹೋಗುವ ನೀರು 6 ಕಿಲೋ. ಆರು ಆರ್ಲಿ ಮೂವತ್ತಾರು, ಅಂದರೆ 3,600 ಕಿಲೋಕ್ಯಾಲರಿ.

ಇನ್ನು ಜಮಾ. ಚೆನ್ನಾಗಿ ಬಿಸಿಲಿಗೆ ಒಣಗಿದ ಒಂದು ಕಿಲೋ ಸೌದೆಯಿಂದ ಸುಮಾರು 3,500 ಕಿಲೋಕ್ಯಾಲರಿ ಶಾಖ ಸಿಗುತ್ತದೆ.

ಈಗ ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಒಂದು ಕಿಲೋ ಸೊಪ್ಪಿಗೆ ಬೇಕಾದದ್ದು 3,600. ಒಂದು ಕಿಲೋ ಸೌದೆ ಕೊಡುವುದು 3,500. ಅಂದರೆ ಒಂದು ಕಿಲೋ ಸೊಪ್ಪಿಗೆ ಒಂದು ಕಿಲೋ ಸೌದೆ ಸಾಕಾಗಬೇಕಿತ್ತು!

ನಾವು ಸುಟ್ಟದ್ದೆಷ್ಟು? ಅಪ್ಪ ಇಟ್ಟಿದ್ದ ವೇ ಬ್ರಿಡ್ಜ್ ಚೀಟಿ ತೆಗೆದು ನೋಡಿದೆ. 3 ಟನ್ ಸೌದೆ ಎರಡು ಬ್ಯಾರನ್ನಿಗೆ ಮುಗಿದಿತ್ತು. ಒಂದಕ್ಕೆ 1,500 ಕಿಲೋ. 300 ಕಿಲೋ ಸೊಪ್ಪಿಗೆ 1,500 ಕಿಲೋ, ಅಂದರೆ ಒಂದಕ್ಕೆ ಐದು. ಐದು ಸೌದೆಯಲ್ಲಿ ಒಂದು ಮಾತ್ರ ಸೊಪ್ಪಿಗೆ ದುಡಿಯಿತು. ಉಳಿದ ನಾಲ್ಕು ಎಲ್ಲಿ ಹೋದವು?

ಈ ಲೆಕ್ಕ ಮೇಷ್ಟ್ರಿಗೆ ತೋರಿಸಿದೆ. ಅವರು ಒಂದು ತಪ್ಪು ಹಿಡಿದರು. “ನಿಮ್ಮ ಸೌದೆ ಪೂರಾ ಒಣಗಿತ್ತೇನಮ್ಮ?” ಅಂದರು. ಇಲ್ಲ ಸಾರ್, ತರಿಸಿದ ತಿಂಗಳಲ್ಲೇ ಸುಟ್ಟೆವು ಅಂದೆ. “ಹಾಗಾದರೆ 3,500 ಜಮಾ ಬರೆಯೋ ಹಾಗಿಲ್ಲ. ಒಳಗೆ ನೀರಿದ್ದ ಸೌದೆ ಅಷ್ಟು ಕೊಟ್ಟಿರೋದೇ ಇಲ್ಲ” ಎಂದು ತಿದ್ದಿದರು. ಮೂರರಲ್ಲೊಂದು ಪಾಲು ನೀರಿತ್ತೆಂದು ಹಿಡಿದು ಮತ್ತೆ ಮಾಡಿದಾಗ ಪೋಲಾದದ್ದು ಐದರಲ್ಲಿ ನಾಲ್ಕು ಅಲ್ಲ, ಸುಮಾರು ನಾಲ್ಕರಲ್ಲಿ ಮೂರು ಎಂದಾಯಿತು. ತಪ್ಪು ತಿದ್ದಿಕೊಂಡೆ. ಆದರೂ ಮೂರು ಪಾಲು ಪೋಲು ಅಂದರೆ ಕಡಿಮೆಯೇ?

ಪೋಲಾದದ್ದು ಎಲ್ಲಿ?

ಮೊದಲನೇ ನಿಯಮದ ಪ್ರಕಾರ ಶಕ್ತಿ ಮಾಯವಾಗುವ ಹಾಗಿಲ್ಲ. ಹಾಗಾದರೆ ಎಲ್ಲೋ ಇರಲೇಬೇಕು. ನಾನೂ ತಾತನೂ ಒಂದು ಸಂಜೆ ಬ್ಯಾರನ್ನಿನ ಸುತ್ತ ತಿರುಗಿ ಕಳ್ಳರನ್ನು ಹುಡುಕಿದೆವು.

ಮೊದಲನೇ ಕಳ್ಳ ಚಿಮಣಿ. ಹೊಗೆಯ ಜೊತೆ ಬೇಕಾದಷ್ಟು ಬಿಸಿ ಆಕಾಶಕ್ಕೆ ಹೋಗುತ್ತಿತ್ತು. ಒಲೆಬಾಯಿಗೆ ಬಾಗಿಲು ಸರಿಯಾಗಿ ಕೂರದೆ ಬೇಕಿಲ್ಲದ ಗಾಳಿಯೂ ಒಳಗೆ ನುಗ್ಗಿ, ಕಾದು, ಪುಕ್ಕಟೆ ಹೊರಗೆ ಹೋಗುತ್ತಿತ್ತು.

ಎರಡನೆಯದು ಚಾವಣಿ. ಬಿಸಿಗಾಳಿ ಮೇಲೇರಿ ನಿಲ್ಲುವುದೇ ಅಲ್ಲಿ. ಹೆಂಚಿನ ಸಂದಿಯಿಂದ ಅದು ನುಸುಳುತ್ತಿತ್ತು. ಗೋಡೆಯಲ್ಲೂ ಎರಡು ಬಿರುಕು. ತಾತ ಒಂದು ಊದುಬತ್ತಿ ಹಚ್ಚಿ ಬಿರುಕಿನ ಹತ್ತಿರ ಹಿಡಿದರು. ಹೊಗೆ ವಾಲಿದ ಕಡೆ ನೋಡಿದರೆ ಗಾಳಿ ಎಲ್ಲಿ ಓಡುತ್ತಿದೆ ಎಂದು ಗೊತ್ತಾಗುತ್ತಿತ್ತು.

ಮೂರನೆಯದು ಕಿಂಡಿ. ಕಿಂಡಿ ತೆರೆಯಲೇಬೇಕು, ಇಲ್ಲದಿದ್ದರೆ ನೀರು ಹೋಗುವುದಾದರೂ ಹೇಗೆ? ಆದರೆ ಯಾವಾಗ ಎಂಬುದು ಮುಖ್ಯ. ಮೊದಲ ಹಂತದಲ್ಲಿ ಸೊಪ್ಪು ಹಳದಿಗೆ ತಿರುಗಬೇಕು. ತಾಪ 90ರಿಂದ 100 ಫ್ಯಾರನ್‌ಹೀಟ್, ಗಾಳಿಯಲ್ಲಿ ತೇವ ಇರಬೇಕು, ಕಿಂಡಿ ಮುಚ್ಚಿರಬೇಕು. ಎರಡನೇ ಹಂತದಲ್ಲಿ ಬಣ್ಣ ನಿಲ್ಲಬೇಕು, ಎಲೆ ಒಣಗಬೇಕು. ತಾಪವನ್ನು ಮೆಲ್ಲಗೆ ಏರಿಸುತ್ತಾ ಕಿಂಡಿ ತೆರೆಯಬೇಕು. ಆಗ ತೇವದ ಗಾಳಿ ಒಳಗೇ ನಿಂತರೆ ಸೊಪ್ಪು ಕಂದಾಗಿ ಬೆಲೆ ಬಿದ್ದುಹೋಗುತ್ತದೆ. ಮೂರನೇ ಹಂತದಲ್ಲಿ ನಡುವಿನ ದಂಟು ಒಣಗಬೇಕು. ತಾಪ 160ರ ತನಕ ಹೋಗುತ್ತದೆ, ಆದರೆ ಉಳಿದಿರುವ ನೀರು ಸ್ವಲ್ಪವೇ. ಆದ್ದರಿಂದ ಕಿಂಡಿಯನ್ನು ಮತ್ತೆ ಮುಚ್ಚುತ್ತಾ ಬರಬೇಕು. ನಾವು ಕೊನೇ ದಿನವೂ ಅದನ್ನು ಹಾಗೇ ಬಿಟ್ಟಿರುತ್ತಿದ್ದೆವು. ಅಂದರೆ ಒಣಗಾಳಿಯನ್ನು ಕಾಯಿಸಿ ಊರಿಗೆಲ್ಲ ಹಂಚುತ್ತಿದ್ದೆವು!

ನಾಲ್ಕನೆಯದೇ ತಾತ ತೋರಿಸಿದ ಅಳುವ ಸೌದೆ. ಆಗ ತಾನೇ ಕಡಿದ ಮರದ ತೂಕದಲ್ಲಿ ಹೆಚ್ಚು ಕಡಿಮೆ ಅರ್ಧ ನೀರೇ ಇರುತ್ತದೆ. 10 ಕಿಲೋ ಹಸಿ ಸೌದೆ ತೆಗೆದುಕೊಳ್ಳಿ. 5 ಕಿಲೋ ಮರ, 5 ಕಿಲೋ ನೀರು. ನೀರೇ ಇಲ್ಲದ ಮರ ಕಿಲೋಗೆ ಸುಮಾರು 4,500 ಕಿಲೋಕ್ಯಾಲರಿ ಕೊಟ್ಟರೆ ಒಟ್ಟು 22,500. ಅದರಲ್ಲಿ 5 ಕಿಲೋ ನೀರನ್ನು ಆವಿ ಮಾಡಲು ಕಿಲೋಗೆ 615ರಂತೆ 3,075 ಕಳೆಯಿರಿ. ಉಳಿದದ್ದು 19,425. ಅದೇ ತುಂಡನ್ನು ಬಿಸಿಲಿಗಿಟ್ಟು ಒಣಗಿಸಿದರೆ ತೂಕ ಆರೂಕಾಲು ಕಿಲೋಗೆ ಇಳಿಯುತ್ತದೆ, ಒಳಗೆ ಒಂದೂಕಾಲು ಕಿಲೋ ನೀರು ಮಾತ್ರ ಇರುತ್ತದೆ. ಆಗ ಸಿಗುವ ಶಾಖ ಸುಮಾರು 21,700. ಒಂದು ಪೈಸೆ ಖರ್ಚಿಲ್ಲದೆ ಬಿಸಿಲೇ 2,300 ಕಿಲೋಕ್ಯಾಲರಿ ಉಳಿಸಿಕೊಟ್ಟಿತು. ಅಲ್ಲದೆ ಹಸಿ ಸೌದೆಯ ಬೆಂಕಿ ತಣ್ಣಗಿದ್ದು, ಉರಿಯಬೇಕಾದ ಅನಿಲವೆಲ್ಲ ಹೊಗೆಯಾಗಿ ಹೋಗುತ್ತದೆ. ಆ ನಷ್ಟ ಬೇರೆ.

ಇನ್ನೊಂದು ಮಾತು. ಸೌದೆ ಕೊಳ್ಳುವುದು ತೂಕದ ಮೇಲೆ. ಹಸಿ ಸೌದೆ ಕೊಂಡರೆ ಅರ್ಧ ದುಡ್ಡು ನೀರಿಗೇ ಹೋಯಿತು.

ಎರಡನೇ ನಿಯಮ: ಹಿಂದಕ್ಕೆ ಬಾರದ ದಾರಿ

ಇಲ್ಲಿ ನನಗೊಂದು ಸಂದೇಹ ಬಂತು. ಶಕ್ತಿ ನಾಶವಾಗಲಿಲ್ಲ, ಚಿಮಣಿಯಿಂದ ಗಾಳಿಗೆ ಹೋಯಿತು, ಈಗಲೂ ಗಾಳಿಯಲ್ಲೇ ಇದೆ ಅಂದ ಮೇಲೆ ಅದನ್ನು ಮತ್ತೆ ಹಿಡಿದು ತಂದು ಒಲೆಗೆ ಹಾಕಬಹುದಲ್ಲ?

ಆಗುವುದಿಲ್ಲ. ಬಿಸಿ ಮುದ್ದೆ ತಟ್ಟೆಯಲ್ಲಿಟ್ಟರೆ ತಣ್ಣಗಾಗುತ್ತದೆ. ತಣ್ಣಗಾದ ಮುದ್ದೆ ಸುತ್ತಲಿನ ಗಾಳಿಯಿಂದ ಶಾಖ ಎಳೆದುಕೊಂಡು ತಾನಾಗಿ ಮತ್ತೆ ಬಿಸಿಯಾದದ್ದನ್ನು ಯಾರಾದರೂ ಕಂಡಿದ್ದೀರಾ? ಹಾಗಾದರೂ ಮೊದಲನೇ ನಿಯಮಕ್ಕೆ ಭಂಗ ಬರುತ್ತಿರಲಿಲ್ಲ, ಜಮಾ ಖರ್ಚು ಸರಿಹೋಗುತ್ತಿತ್ತು. ಆದರೂ ಆಗುವುದಿಲ್ಲ. ಶಾಖ ತಾನಾಗಿ ಬಿಸಿಯಿಂದ ತಣ್ಣನೆಯ ಕಡೆಗೇ ಹರಿಯುತ್ತದೆ, ನೀರು ಇಳಿಜಾರಿಗೆ ಹರಿದ ಹಾಗೆ. ಇದು ಎರಡನೇ ನಿಯಮ. ಜರ್ಮನಿಯ ರುಡಾಲ್ಫ್ ಕ್ಲಾಸಿಯಸ್ 1850ರಲ್ಲಿ ಇದನ್ನು ಸ್ಪಷ್ಟಪಡಿಸಿದರು. ಹೀಗೆ ಶಕ್ತಿ ಚದುರಿಹೋಗುವುದನ್ನು ಅಳೆಯಲು 1865ರಲ್ಲಿ ‘ಎಂಟ್ರೊಪಿ’ ಎಂಬ ಹೆಸರು ಕೊಟ್ಟದ್ದೂ ಅವರೇ. ಅವರಿಗಿಂತ ಮೊದಲೇ, 1824ರಲ್ಲಿ, ಫ್ರಾನ್ಸಿನ ಸಾದಿ ಕಾರ್ನೊ, ಯಾವ ಎಂಜಿನ್ನೂ ತನಗೆ ಕೊಟ್ಟ ಶಾಖವನ್ನೆಲ್ಲ ಕೆಲಸವಾಗಿ ಮಾಡಲಾರದು, ಒಂದು ಪಾಲನ್ನು ತಣ್ಣನೆಯ ಕಡೆಗೆ ಬಿಡಲೇಬೇಕು ಎಂಬ ವಿಚಾರಕ್ಕೆ ದಾರಿ ಮಾಡಿಕೊಟ್ಟಿದ್ದರು.

ಫ್ರಿಜ್ಜಿನಲ್ಲಿ ತಣ್ಣನೆಯ ಕಡೆಯಿಂದ ಬಿಸಿ ಕಡೆಗೆ ಹೋಗುತ್ತದಲ್ಲ ಎಂದು ಕೇಳಬಹುದು. ಹೋಗುತ್ತದೆ, ಆದರೆ ತಾನಾಗಿ ಅಲ್ಲ. ಕರೆಂಟು ಖರ್ಚು ಮಾಡಿ ದಬ್ಬಬೇಕು, ಬಾವಿಯಿಂದ ನೀರು ಸೇದಿದ ಹಾಗೆ. ಫ್ರಿಜ್ಜಿನ ಹಿಂದೆ ಕೈಯಿಟ್ಟರೆ ಬಿಸಿ ಹತ್ತುವುದು ಅದಕ್ಕೇ.

ಮೂರನೇ ನಿಯಮವೂ ಒಂದಿದೆ. ಮೈನಸ್ 273.15 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ತಾಪವೇ ಇಲ್ಲ, ಆ ಕೊನೆಯ ಮೆಟ್ಟಿಲನ್ನು ಪೂರ್ತಿ ಮುಟ್ಟಲೂ ಆಗದು ಎನ್ನುತ್ತದೆ ಅದು. ನಮ್ಮ ಬ್ಯಾರನ್ನಿಗೆ ಅದರ ಕೆಲಸ ಬೀಳುವುದಿಲ್ಲವಾದ್ದರಿಂದ ಇಲ್ಲಿಗೆ ಬಿಡುತ್ತೇನೆ.

ಎರಡನೇ ನಿಯಮದಿಂದ ನಾನು ಕಲಿತದ್ದು ಇಷ್ಟು. ಚದುರಿದ ಶಾಖವನ್ನು ಕೂಡಿಸಿ ತರುವುದಕ್ಕಿಂತ ಚದುರುವ ಮೊದಲೇ ತಡೆಯುವುದು ಜಾಣತನ. ಹಾಲು ಚೆಲ್ಲಿದ ಮೇಲೆ ಅತ್ತರೆ ಏನು ಬಂತು?

ನಾವು ಮಾಡಿದ್ದು

ಹೋದ ವರ್ಷ ಅಪ್ಪ ಮರ ಕಡಿಸಲಿಲ್ಲ. ನನ್ನ ಲೆಕ್ಕ ನೋಡಿ ಅಲ್ಲ, ಕಡಿಯುವವರು ಹೇಳಿದ ದಿನ ಬರಲಿಲ್ಲ, ಆಮೇಲೆ ಚಿಕ್ಕಪ್ಪ ತಮ್ಮ ಸೌದೆ ಕೊಟ್ಟರು. ನಿಜ ಹೇಳಬೇಕಲ್ಲ! ಆದರೆ ಈ ವರ್ಷ ಅಪ್ಪ ನನ್ನ ನೋಟ್ ಪುಸ್ತಕ ತರಿಸಿಕೊಂಡು ಕೂತು ಕೇಳಿದರು. ಪೂರ್ತಿ ಕೇಳಿ, “ಅಂದ್ರೆ ನಾವು ನಾಕು ಕಾಸು ದುಡ್ಡಾಗೆ ಮೂರು ಕಾಸು ಹೊಗೆ ಮಾಡ್ತಾ ಇದ್ವಿ ಅನ್ನು” ಅಂದರು. ಆಮೇಲೆ ನಾವು ಮಾಡಿದ ಕೆಲಸಗಳು ಇವು:

1. ಸೌದೆಯನ್ನು ಫೆಬ್ರವರಿಯಲ್ಲೇ ತರಿಸಿ, ಸೀಳಿಸಿ, ಗಾಳಿಯಾಡುವ ಹಾಗೆ ಅಡ್ಡಡ್ಡ ಜೋಡಿಸಿದೆವು. ಮುಂಗಾರು ಬರುವ ಮೊದಲು ಮೇಲೆ ಶೀಟು ಹೊದಿಸಿದೆವು.
2. ಗೋಡೆಯ ಬಿರುಕಿಗೆ ಮಣ್ಣು ಮೆತ್ತಿದೆವು, ಹೆಂಚಿನ ಸಂದಿ ಮುಚ್ಚಿದೆವು.
3. ಒಲೆಬಾಯಿಗೆ ಸರಿಯಾಗಿ ಕೂರುವ ತಗಡಿನ ಬಾಗಿಲು ಮಾಡಿಸಿದೆವು.
4. ಕೊನೆಯ ಹಂತದಲ್ಲಿ ಕಿಂಡಿ ಮುಚ್ಚುವುದನ್ನು ಬರೆದಿಟ್ಟ ಹಾಳೆ ನೋಡಿ ಮಾಡಿದೆವು. ಹಾಳೆ ನೋಡುವ ಕೆಲಸ ನನ್ನದು.

ಫೆಬ್ರವರಿಯಲ್ಲಿ ತೂಗಿದಾಗ 5 ಟನ್ ಇತ್ತು. ಅದು ನಾಲ್ಕು ಬ್ಯಾರನ್ನಿಗೆ ಬಂತು. ಒಂದಕ್ಕೆ 1,250 ಕಿಲೋ. ಹೋದ ವರ್ಷ 1,500. ಒಂದೊಂದರಲ್ಲಿ 250 ಕಿಲೋ ಉಳಿತಾಯ. ಆರು ಸಲ ಬೇಯಿಸಿದರೆ ಉಳಿಯುವುದು 1,500 ಕಿಲೋ, ಅಂದರೆ ಸರಿಯಾಗಿ ಹೋದ ವರ್ಷದ ಒಂದು ಬ್ಯಾರನ್ನಿನ ಸೌದೆ. ಆ ಹಲಸಿನ ಮರದಿಂದ ಅಪ್ಪ ಬಯಸಿದ್ದೂ ಅಷ್ಟನ್ನೇ! ಈ ವರ್ಷದ ಸೊಪ್ಪು ಹೋದ ವರ್ಷದ್ದರ ಹಾಗೇ ಇತ್ತೆಂದು ಖಚಿತವಾಗಿ ಹೇಳಲಾರೆ. ಇನ್ನೂ ಒಂದೆರಡು ವರ್ಷ ತೂಗಿ ನೋಡಿದರೆ ಲೆಕ್ಕ ಗಟ್ಟಿಯಾಗುತ್ತದೆ ಎಂದು ಮೇಷ್ಟ್ರು ಹೇಳಿದ್ದಾರೆ.

ಬ್ಯಾರನ್ ಇಲ್ಲದವರಿಗೂ ಇದೇ ಪಾಠ

ಹೊಗೆಸೊಪ್ಪು ಆರೋಗ್ಯಕ್ಕೆ ಕೆಟ್ಟದ್ದು, ಅದರ ಬಗ್ಗೆ ಯಾಕೆ ಬರೆದೆ ಎಂದು ಒಬ್ಬ ಗೆಳತಿ ಕೇಳಿದಳು. ಕೆಟ್ಟದ್ದೇ, ಅದರಲ್ಲಿ ಎರಡು ಮಾತಿಲ್ಲ. ಯಾರೂ ಸೇದಬಾರದು, ಜಗಿಯಬಾರದು. ನಾವೂ ಒಂದು ದಿನ ಬೇರೆ ಬೆಳೆಗೆ ಹೋಗಬಹುದು. ಆದರೆ ಶಾಖದ ಲೆಕ್ಕ ಬೆಳೆಯ ಹೆಸರು ಕೇಳುವುದಿಲ್ಲ. ಕೆ.ಆರ್. ನಗರ, ಮಂಡ್ಯದ ಕಡೆಯ ಆಲೆಮನೆಯಲ್ಲಿ ಕಬ್ಬಿನ ಸಿಪ್ಪೆಯನ್ನು ಒಣಗಿಸಿಯೇ ಒಲೆಗೆ ಹಾಕುತ್ತಾರೆ. ಕೊಡಗಿನಲ್ಲಿ ಏಲಕ್ಕಿ ಒಣಗಿಸುವುದೂ ನೀರನ್ನು ಆವಿ ಮಾಡುವ ಕೆಲಸವೇ.

ಅಡುಗೆ ಒಲೆಯೂ ಹಾಗೆಯೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ ಹಳ್ಳಿಗಳಿಗಾಗಿ ‘ಅಸ್ತ್ರ’ ಎಂಬ ಘಟಕ ಶುರುವಾಯಿತು. ಅಲ್ಲಿನವರು ಹಳ್ಳಿಯ ಒಲೆಯಲ್ಲಿ ಎಷ್ಟು ಸೌದೆ ಉರಿಯುತ್ತದೆ, ಎಷ್ಟು ಶಾಖ ಪಾತ್ರೆಗೆ ಸೇರುತ್ತದೆ ಎಂದು ತೂಗಿ ಅಳೆದು ‘ಅಸ್ತ್ರ ಒಲೆ’ ಮಾಡಿದರು. ಮೂರು ಪಾತ್ರೆ ಕೂರುವ, ಹೊಗೆಕೊಳವೆ ಇರುವ ಒಲೆ ಅದು. ಒಂದು ಪಾತ್ರೆಯಿಂದ ತಪ್ಪಿಸಿಕೊಂಡ ಬಿಸಿ ಮುಂದಿನದಕ್ಕೆ ಸಿಗುತ್ತದೆ, ಅಡುಗೆ ಮಾಡುವವರ ಕಣ್ಣಿಗೆ ಹೊಗೆ ತುಂಬುವುದಿಲ್ಲ. ನಾವು ತಕ್ಕಡಿ ಹಿಡಿದು ಮಾಡಿದ್ದನ್ನೇ ದೊಡ್ಡವರು ದೊಡ್ಡದಾಗಿ ಮಾಡಿದ್ದರು ಎಂದು ತಿಳಿದು ನನಗೆ ಬಹಳ ಸಂತೋಷವಾಯಿತು.

ಮಾಡಿ ನೋಡಿ

1. ಆಗ ತಾನೇ ಕಡಿದ ಒಂದು ಕೊಂಬೆಯ ತುಂಡನ್ನು ತೂಗಿ ಬರೆದಿಡಿ. ಪ್ರತಿ ಭಾನುವಾರ ತೂಗಿ. ತೂಕ ಇಳಿಯುವುದು ನಿಂತ ಮೇಲೆ, ಎಷ್ಟು ನೀರಿತ್ತು ಎಂದು ನೂರಕ್ಕೆ ಇಷ್ಟು ಎಂದು ಲೆಕ್ಕ ಮಾಡಿ.
2. ಒಂದೇ ಅಳತೆಯ ಎರಡು ಲೋಟ ಬಿಸಿನೀರು ತೆಗೆದುಕೊಳ್ಳಿ. ಒಂದನ್ನು ತಟ್ಟೆಯಿಂದ ಮುಚ್ಚಿ, ಇನ್ನೊಂದನ್ನು ತೆರೆದಿಡಿ. ಯಾವುದು ಬೇಗ ಆರಿತು? ಯಾಕೆ?

ಯೋಚಿಸಿ ಉತ್ತರಿಸಿ

1. ಒಂದು ಬ್ಯಾರನ್ನಿನಿಂದ 2,400 ಕಿಲೋ ನೀರು ಹೋಗಬೇಕಾದರೆ ಕನಿಷ್ಠ ಎಷ್ಟು ಕಿಲೋಕ್ಯಾಲರಿ ಬೇಕು?
2. ಮಳೆಗಾಲದಲ್ಲಿ ಬಟ್ಟೆ ತಡವಾಗಿ ಒಣಗುವುದಕ್ಕೂ ಬ್ಯಾರನ್ನಿನ ಕಿಂಡಿ ತೆರೆಯುವುದಕ್ಕೂ ಏನು ಸಂಬಂಧ?

ಉತ್ತರಗಳನ್ನು ವಿಜ್ಞಾನ ಮೇಷ್ಟ್ರ ಮೇಜಿನ ಮೇಲಿರುವ ಡಬ್ಬಿಗೆ ಹಾಕಿ. ಸರಿ ಉತ್ತರ ಬರೆದವರ ಹೆಸರು ಮುಂದಿನ ಸಂಚಿಕೆಯಲ್ಲಿ ಬರುತ್ತದೆ. ನನ್ನ ಲೆಕ್ಕದಲ್ಲಿ ಇನ್ನೂ ತಪ್ಪಿದ್ದರೆ ದಯವಿಟ್ಟು ತಿದ್ದಿ ಹೇಳಿ, ಬೇಜಾರು ಮಾಡಿಕೊಳ್ಳುವುದಿಲ್ಲ.

ಹಲಸಿನ ಮರ ಈ ವರ್ಷ ಚೆನ್ನಾಗಿ ಕಾಯಿ ಬಿಟ್ಟಿತ್ತು. ಅಜ್ಜಿ ತೊಳೆ ಬಿಡಿಸಿ ಅಕ್ಕಪಕ್ಕದ ಮನೆಗೆಲ್ಲ ಕೊಟ್ಟರು. ಮೇಷ್ಟ್ರಿಗೂ ಒಂದು ಹಣ್ಣು ಕಳಿಸಿದರು.

— ಹತ್ತನೇ ತರಗತಿ ವಿದ್ಯಾರ್ಥಿನಿ